ಮೇಲ್ಹೊಟ್ಟೆಯ ನೋವು

ಮನೆಮಂದಿಗೆಲ್ಲ ಬಡಿಸಿ ಕಡೆಗೆ ತಾನು ಉಣ್ಣುವ ಗೃಹಿಣಿಗೆ ಮೇಲ್ಹೊಟ್ಟೆ ನೋಯತೊಡಗಿದರೆ ಅದಕ್ಕೆ ‘ವಾಯು’ ಎಂಬ ಹೆಸರು ಸಿದ್ಧವಾಗಿರುತ್ತದೆ. ಜೀರಿಗೆಯ ಕಷಾಯ ಕುಡಿದು ಅವಳು ಮತ್ತೆ ಕೆಲಸಕ್ಕೆ ತೊಡಗುತ್ತಾಳೆ. ನೋವು ಮರಳಿ ಮರಳಿ ಬರುತ್ತಿದ್ದರೆ ಆ ಹೆಸರು ಸಾಲದು.

ಪಕ್ಕೆಲುಬುಗಳ ಕೆಳಗೆ ಜಠರ, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿಗಳು ಒತ್ತೊತ್ತಾಗಿವೆ. ಪಿತ್ತರಸವನ್ನು ಕೂಡಿಡುವ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಈಸ್ಟ್ರೋಜನ್ ಎಂಬ ಹಾರ್ಮೋನು ಪಿತ್ತರಸದಲ್ಲಿ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆ. ಗರ್ಭಿಣಿಯಲ್ಲಿ ಪಿತ್ತಕೋಶವು ನಿಧಾನವಾಗಿ ಬರಿದಾಗುತ್ತದೆ. ಹಬ್ಬದ ಜಿಡ್ಡಿನ ಊಟದ ತರುವಾಯ ಬಲಪಕ್ಕೆಯ ಕೆಳಗೆ ಎದ್ದ ನೋವು ಬಲಭುಜದವರೆಗೂ ಹರಿದು, ಕೆಲವು ಗಂಟೆಗಳಲ್ಲಿ ಇಳಿದುಹೋಗುವುದುಂಟು. ನೋವು ಇಳಿದ ಮಾತ್ರಕ್ಕೆ ಕಲ್ಲು ಕರಗಿತೆಂದಲ್ಲ. ಅದು ಇದೆಯೇ ಎಂಬುದನ್ನು ಅಲ್ಟ್ರಾಸೌಂಡ್ ಪರೀಕ್ಷೆ ತೋರಿಸಬಲ್ಲದು.

ಜಠರದ ಹುಣ್ಣಿನ ಕಥೆಯೇ ಬೇರೆ. ಚಿಂತೆ, ಖಾರಗಳೇ ಅದರ ಮೂಲವೆಂದು ವೈದ್ಯರೂ ಬಹುಕಾಲ ನಂಬಿದ್ದರು. ಮೆಣಸಿನಕಾಯಿ ಹೊತ್ತ ಅಪವಾದ ಸಣ್ಣದಲ್ಲ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡರು! ಅವರಿಗೂ ರಾಬಿನ್ ವಾರನ್ನರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮೈಕೈ ನೋವಿಗೆಂದು ಆಗಾಗ ನುಂಗುವ ಮಾತ್ರೆಗಳಿಂದಲೂ ಹುಣ್ಣಾಗಬಹುದು.

ಕೆಲವೊಮ್ಮೆ ನೋಯುವುದು ಹೊಟ್ಟೆಯಾದರೂ ತೊಂದರೆಗೊಳಗಾದುದು ಹೃದಯ. ಹೃದಯಾಘಾತದಲ್ಲಿ ಎದೆನೋವು ಸ್ತ್ರೀಯರಲ್ಲಿಯೂ ಸಾಮಾನ್ಯವೇ. ಆದರೆ ಒಮ್ಮೊಮ್ಮೆ ಮೇಲ್ಹೊಟ್ಟೆಯ ನೋವು, ವಾಕರಿಕೆ, ಬೆವರು, ಏದುಸಿರುಗಳಷ್ಟೇ ತೋರುತ್ತವೆ. ಆಗ ಕಷಾಯ ಕುದಿಸುತ್ತ ಕೂರದೆ ಅವಳನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಮೊದಲು ನಡೆಯುವುದು ಇ.ಸಿ.ಜಿ. ಪರೀಕ್ಷೆ.