ಅಣಬೆಯೂ ಹಿರಿಯರ ನೆನಪಿನ ಶಕ್ತಿಯೂ

ಅಣಬೆ ಸಸ್ಯಾಹಾರವೇ ಎಂಬ ಪ್ರಶ್ನೆಯನ್ನು ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಭಕ್ತರು ಇಂದಿಗೂ ಕೇಳುತ್ತಾರೆ. ಜೀವಶಾಸ್ತ್ರದ ಪ್ರಕಾರ ಅದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಶಿಲೀಂಧ್ರವೆಂಬ ಪ್ರತ್ಯೇಕ ವರ್ಗಕ್ಕೆ ಸೇರಿದುದು. ಅದನ್ನು ಉಣ್ಣುವುದರಲ್ಲಿ ಪ್ರಾಣಿಹಿಂಸೆಯಿಲ್ಲ. ಆದರೂ ಕೆಲವು ಮನೆತನಗಳಲ್ಲಿ ಅಣಬೆ ಒಲೆ ಏರುವುದಿಲ್ಲ. ಆ ರೂಢಿಯನ್ನು ಬಿಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ತಿನ್ನುವವರು ತಿಳಿದು ತಿನ್ನಲಿ ಎಂಬುದಷ್ಟೇ. ವೃದ್ಧರ ಮರೆವಿಗೆ ಅಣಬೆಯೇ ಮದ್ದೆಂಬ ಮಾತು ಈಚೆಗೆ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ದುಬಾರಿ ಕ್ಯಾಪ್ಸೂಲುಗಳನ್ನು ತರಿಸಿಕೊಂಡು, ಇದನ್ನು ತಂದೆಯವರಿಗೆ ಕೊಡಬಹುದೇ ಎಂದು ವಿಚಾರಿಸುವವರೂ ಇದ್ದಾರೆ.

ನಮ್ಮ ಶಾಸ್ತ್ರವು ಅಣಬೆಯನ್ನು ಹೊಗಳಿಲ್ಲವೆಂಬುದನ್ನು ಮೊದಲೇ ಹೇಳಬೇಕು. ಹದಿನಾರನೆಯ ಶತಮಾನದ ಭಾವಪ್ರಕಾಶವು ಇದನ್ನು ಸಂಸ್ವೇದಜ ಶಾಕವೆಂದು ಕರೆದು, ಶೀತ, ಗುರು ಹಾಗೂ ಪಿಚ್ಛಿಲ ಗುಣದ್ದೆಂದೂ ವಾಂತಿ, ಅತಿಸಾರ, ಕಫರೋಗಗಳಿಗೆ ಕಾರಣವಾಗಬಲ್ಲದೆಂದೂ ಎಚ್ಚರಿಸುತ್ತದೆ. ಶುಚಿಯಾದ ನೆಲ, ಮರ, ಬಿದಿರು, ಗೋಶಾಲೆಗಳಲ್ಲಿ ಬೆಳೆದ ಬಿಳಿಯ ಅಣಬೆ ಅಷ್ಟು ದೋಷಕರವಲ್ಲವೆಂಬ ರಿಯಾಯಿತಿಯನ್ನೂ ಕೊಡುತ್ತದೆ. (ಅಮೃತಮಹಲ್ ತಳಿಯ ನೆಲೆಯಾದ ಅಜ್ಜಂಪುರದವರಿಗೆ ಗೋಶಾಲೆಯ ಮಾತು ರುಚಿಸೀತು!) ಮೇಧಾಶಕ್ತಿಗೆ ಚರಕರು ಹೇಳಿದ ರಸಾಯನಗಳು ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ ಮತ್ತು ಶಂಖಪುಷ್ಪಿ. ಮಂಡೂಕಪರ್ಣಿಯೆಂದರೆ ತೋಟದ ಬದುಗಳಲ್ಲಿ ತಾನಾಗಿ ಹಬ್ಬುವ ನಮ್ಮ ಒಂದೆಲಗ. ಆ ಪಟ್ಟಿಯಲ್ಲಿ ಅಣಬೆಯಿಲ್ಲ.

ಹಾಗಾದರೆ ಈಗಿನ ವಿಜ್ಞಾನಿಗಳು ಇದರಲ್ಲಿ ಕಂಡುದೇನು? ಮುಖ್ಯವಾದುದು ಎರ್ಗೊಥಯೋನೀನ್ ಎಂಬ ವಸ್ತು. ಜೀವಕೋಶಗಳನ್ನು ಸವೆಸುವ ಉತ್ಕರ್ಷಣ ಕ್ರಿಯೆಯನ್ನು ಇದು ತಡೆಯುತ್ತದೆ. 1909ರಲ್ಲೇ ಗುರುತಿಸಲ್ಪಟ್ಟರೂ ಬಹುಕಾಲ ಯಾರೂ ಇದಕ್ಕೆ ಹೆಚ್ಚಿನ ಗಮನ ಕೊಡಲಿಲ್ಲ. ಮನುಷ್ಯದೇಹವು ಇದನ್ನು ತಯಾರಿಸಿಕೊಳ್ಳಲಾರದು. ಶಿಲೀಂಧ್ರಗಳು ಮತ್ತು ಕೆಲವು ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ಆದರೂ ಇದನ್ನು ಆಹಾರದಿಂದ ಹೀರಿಕೊಳ್ಳಲು ನಮ್ಮ ಜೀವಕೋಶಗಳಲ್ಲಿ ವಾಹಕ ವ್ಯವಸ್ಥೆಯೊಂದಿದೆ ಎಂಬುದು 2005ರಲ್ಲಿ ಗೊತ್ತಾಯಿತು. ತಾನು ತಯಾರಿಸದ ವಸ್ತುವಿಗೆ ದೇಹವು ಬಾಗಿಲು ಇಟ್ಟುಕೊಂಡಿರುವುದು ಸೋಜಿಗವೇ ಸರಿ. ಈ ವಸ್ತು ಮೆದುಳನ್ನೂ ತಲುಪುತ್ತದೆ, ಬೇಯಿಸಿದರೂ ಬಹುಮಟ್ಟಿಗೆ ಉಳಿಯುತ್ತದೆ. ಸಾಮಾನ್ಯ ಬಿಳಿ ಗುಂಡಿ ಅಣಬೆಗಿಂತ ಚಿಪ್ಪಣಬೆಯಲ್ಲಿ ಹೆಚ್ಚಾಗಿರುತ್ತದೆ.

ಸಿಂಗಪುರದಲ್ಲಿ 60 ವರ್ಷ ದಾಟಿದ 663 ಮಂದಿಯ ಆಹಾರ ಮತ್ತು ನೆನಪಿನ ಶಕ್ತಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಪಾಲಿಗಿಂತ ಹೆಚ್ಚು ಅಣಬೆ ತಿನ್ನುವವರಲ್ಲಿ ಸೌಮ್ಯ ಮರೆವಿನ ಸಂಭವ ಅರ್ಧದಷ್ಟು ಕಡಿಮೆಯಿತ್ತು. ಒಂದು ಪಾಲೆಂದರೆ ಬೇಯಿಸಿದ ಸುಮಾರು 150 ಗ್ರಾಂ. ಆದರೆ ಅಣಬೆ ತಿಂದುದರಿಂದಲೇ ಹೀಗಾಯಿತೆಂದು ಇಂತಹ ಅಧ್ಯಯನ ಸಾಧಿಸಲಾರದು. ಅಣಬೆ ತಿನ್ನುವವರು ತರಕಾರಿಯನ್ನೂ ಹೆಚ್ಚು ತಿನ್ನುವವರಾಗಿರಬಹುದು, ಹೆಚ್ಚು ನಡೆಯುವವರಾಗಿರಬಹುದು. ಸಂಶೋಧಕರು ಇಂತಹವನ್ನು ಲೆಕ್ಕಕ್ಕೆ ಹಿಡಿದರೂ ಸಂಶಯ ಪೂರ್ತಿ ಹೋಗದು.

ಕ್ಯಾಪ್ಸೂಲುಗಳಲ್ಲಿ ಬರುವುದು ಬಹುಮಟ್ಟಿಗೆ ಸಿಂಹದ ಕೇಸರದಂತೆ ಜೋಲುವ ಬಿಳಿಯ ಅಣಬೆ. ಜಪಾನೀಯರು ಇದಕ್ಕೆ ಬೆಟ್ಟದ ತಪಸ್ವಿಗಳ ಹೆಸರಿಟ್ಟು ಯಮಬುಶಿತಾಕೆ ಎನ್ನುತ್ತಾರೆ. ಇದರ ಹೆರಿಸಿನೋನ್ ಮತ್ತು ಎರಿನಾಸಿನ್ ಎಂಬ ಅಂಶಗಳು ನರಕೋಶಗಳ ಬೆಳವಣಿಗೆಗೆ ಬೇಕಾದ ಪ್ರೋಟೀನನ್ನು ಹೆಚ್ಚಿಸುತ್ತವೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. 2009ರಲ್ಲಿ ಪ್ರಕಟವಾದ ಜಪಾನಿನ ಪರೀಕ್ಷೆಯಲ್ಲಿ ಸೌಮ್ಯ ಮರೆವುಳ್ಳ 50ರಿಂದ 80 ವಯಸ್ಸಿನ 30 ಮಂದಿ ಇದ್ದರು. 16 ವಾರ ಅಣಬೆಯ ಮಾತ್ರೆ ಸೇವಿಸಿದವರ ಅಂಕಗಳು ಏರಿದವು. ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಮತ್ತೆ ಇಳಿದವು. ಮೂವತ್ತು ಮಂದಿಯ ಪರೀಕ್ಷೆಯನ್ನು ನಂಬಿ ತಿಂಗಳು ತಿಂಗಳೂ ಸಾವಿರಾರು ರೂಪಾಯಿ ವ್ಯಯಿಸುವುದು ನನಗಂತೂ ಯುಕ್ತವೆನಿಸದು.

ಚಿಪ್ಪಣಬೆಯಾದರೋ ನಮ್ಮ ಕೈಗೆಟುಕುವ ಬೆಳೆ. ಅಜ್ಜಂಪುರ, ಕಡೂರಿನ ಕಡೆ ರಾಗಿಹುಲ್ಲುಂಟು, ತರೀಕೆರೆಯ ಕಡೆ ಭತ್ತದ ಹುಲ್ಲೂ ಅಡಿಕೆ ಹಾಳೆಯೂ ಉಂಟು. ಅಡಿಕೆ ಹಾಳೆಯ ಮೇಲೆ ಚಿಪ್ಪಣಬೆ ಬೆಳೆಯಬಹುದೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟಿದೆ. ಬೀಜವು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುತ್ತದೆ. ಬೆಳೆಯುವವರು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಅದರ ಬೀಜಕಣಗಳಿಂದ ಕೆಲವರಿಗೆ ಕೆಮ್ಮು, ಉಬ್ಬಸ ಬರುವುದುಂಟು. ಅಡುಗೆಯಲ್ಲಿ ಶುಂಠಿ, ಮೆಣಸು, ಜೀರಿಗೆ ಸೇರಿಸಿ ಚೆನ್ನಾಗಿ ಬೇಯಿಸಿದರೆ ಗುರುಗುಣ ತಗ್ಗುತ್ತದೆ. ಮಧ್ಯಾಹ್ನದ ಊಟಕ್ಕಿರಲಿ, ರಾತ್ರಿಗೆ ಬೇಡ. ಜಠರಾಗ್ನಿ ಮಂದವಾಗಿರುವವರು ಸ್ವಲ್ಪದಿಂದ ಆರಂಭಿಸಲಿ.

ಅಣಬೆಯ ಮಾತಿಗಿಂತ ಮುಖ್ಯವಾದುದೊಂದುಂಟು. ಹಿರಿಯರು ಹೆಸರು, ದಾರಿ ಮರೆಯತೊಡಗಿದಾಗ ಅರಳುಮರಳೆಂದು ಸುಮ್ಮನಾಗಬಾರದು. ಬಿ12 ಜೀವಸತ್ತ್ವದ ಕೊರತೆ ಮತ್ತು ಥೈರಾಯ್ಡ್ ದೋಷದಿಂದಲೂ ಮರೆವು ಉಂಟಾಗುತ್ತದೆ. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಬೇಗ ಕಂಡುಕೊಂಡರೆ ಗುಣವಾಗುವ ಸಾಧ್ಯತೆ ಹೆಚ್ಚು. ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ12 ಕೊರತೆ ಅಪರೂಪವಲ್ಲ. ಅಣಬೆಯನ್ನು ನಂಬಿ ಅದನ್ನು ತುಂಬಿಕೊಳ್ಳಲಾಗದು. ಹಾಲು, ಮೊಸರು ನೆರವಾದಾವು. ಕೊರತೆ ಹೆಚ್ಚಿದ್ದರೆ ವೈದ್ಯರು ಸೂಚಿಸುವ ಮಾತ್ರೆ ಅಥವಾ ಚುಚ್ಚುಮದ್ದೇ ಬೇಕು. ಆ ಪರೀಕ್ಷೆ ಮೊದಲಾಗಲಿ.

ಇನ್ನು ಮಳೆಗಾಲದಲ್ಲಿ ಹುತ್ತ, ಕಾಡು, ತೋಟಗಳಲ್ಲಿ ಎದ್ದ ಅಣಬೆಯನ್ನು ಆಯ್ದು ತರುವ ವಿಚಾರ. ಬಿಳಿಯದು ನಿರಪಾಯಕರವೆಂದು ಭಾವಿಸಬೇಡಿ. ಮಾರಕವಾದ ಅಮಾನಿಟಾ ಜಾತಿಗಳಲ್ಲಿ ಕೆಲವು ಹಾಲಿನಂತೆ ಬೆಳ್ಳಗಿರುತ್ತವೆ. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ವಿಷವಿಲ್ಲವೆಂಬ ನಂಬಿಕೆ ಸುಳ್ಳು. ಬೇಯಿಸಿದರೂ ಆ ವಿಷ ಹೋಗದು. ತಿಂದ ಆರು ಗಂಟೆಗಳ ನಂತರ ವಾಂತಿಭೇದಿ ಕಾಣಿಸಿಕೊಂಡು, ಮರುದಿನ ಗುಣವಾದಂತೆ ತೋರಿ, ಅನಂತರ ಯಕೃತ್ತು ಕೆಡುತ್ತದೆ. ನಡುವಿನ ಆ ಒಂದು ದಿನದ ನೆಮ್ಮದಿಯನ್ನು ನಂಬಿ ಮನೆಯಲ್ಲಿ ಕೂಡದೆ, ಉಳಿದ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು, ಜೊತೆಯಲ್ಲಿ ಉಂಡವರೆಲ್ಲರೂ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.