ಮಲೆಯೇರುವ ಕಿಚ್ಚು

ಮಹಾಶಿವರಾತ್ರಿಯಿಂದ ಯುಗಾದಿಯವರೆಗೆ ಕೊಳ್ಳೇಗಾಲ, ಹನೂರುಗಳ ಹಾದಿಯಾಗಿ ತಾಳಬೆಟ್ಟವನ್ನು ಮುಟ್ಟಿ, ಅಲ್ಲಿಂದ ಕಾಲ್ನಡೆಯಿಂದಲೇ ಮಲೆಯನ್ನೇರಿ ಮಾದಪ್ಪನ ಸನ್ನಿಧಿಯನ್ನು ಸೇರುವ ಭಕ್ತಜನರು ಪಯಣಿಸುವ ಕಾಲವು, ಎಲೆಯುದುರಿದ ಮರಗಳಡಿಯಲ್ಲಿ ತರಗೂ ಹುಲ್ಲೂ ಒಣಗಿ ಒಂದು ಕಿಡಿಗೆ ಹೊತ್ತಿಕೊಳ್ಳುವ ಕಾಲವೂ ಆಗಿದೆ. ಹಿಮಾಲಯದಲ್ಲಿ ವಸಂತದ ಬಿಸಿಲಿಗೆ ಸಡಿಲಗೊಂಡ ಹಿಮರಾಶಿಯು ಕೆಳಕ್ಕೆ ಕುಸಿದು ಬಂದರೆ, ನಮ್ಮ ಮಲೆಗಳಲ್ಲಿ ಅದೇ ಋತುವಿನ ವಿಪತ್ತು ಕೆಳಗಿನಿಂದ ಮೇಲಕ್ಕೆ ಏರುತ್ತದೆ.

ಇಳಿಜಾರಿನಲ್ಲಿ ಜ್ವಾಲೆಯು ಮೇಲಣ ಹುಲ್ಲಿನತ್ತ ಬಾಗುವುದರಿಂದಲೂ, ಬಿಸಿಗಾಳಿಯು ಮೇಲ್ಮುಖವಾಗಿ ಸಾಗಿ ಇನ್ನೂ ಉರಿ ತಾಗದ ತರಗನ್ನು ಮೊದಲೇ ಕಾಯಿಸಿಡುವುದರಿಂದಲೂ, ಕಾಳ್ಗಿಚ್ಚು ಏರಿನಲ್ಲಿ ಓಡುವ ಮನುಷ್ಯನನ್ನು ಸುಲಭವಾಗಿ ಹಿಂದಿಕ್ಕಬಲ್ಲುದು. ಆದಕಾರಣ ಹೊಗೆ ಕಂಡೊಡನೆ ನೆತ್ತಿಯ ಕಡೆಗೆ ಓಡುವುದು ಪ್ರಾಣಾಂತಿಕ. ಪಕ್ಕಕ್ಕೆ ಸರಿದು, ಬರಿಯ ಬಂಡೆಯನ್ನೋ, ಅಗಲವಾದ ರಸ್ತೆಯನ್ನೋ, ಅರಣ್ಯ ಇಲಾಖೆಯವರು ಸವರಿಟ್ಟ ಬೆಂಕಿರೇಖೆಯನ್ನೋ, ಆಗಲೇ ಉರಿದು ಕರಿಯಾದ ನೆಲವನ್ನೋ ಸೇರಬೇಕು. ಇಕ್ಕಟ್ಟಾದ ಕೊರಕಲನ್ನು ಮಾತ್ರ ಹೊಗಲಾಗದು, ಅಲ್ಲಿ ಉರಿಯು ಮತ್ತಷ್ಟು ವೇಗವಾಗಿ ಮೇಲಕ್ಕೆ ಸೆಳೆಯಲ್ಪಡುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ, ಒಣಹುಲ್ಲಿನ ಇಳುಕಲಿನಲ್ಲಿ ಸಿಲುಕಿದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಮಡಿದರು.

ಆದರೆ ಅಪಾಯದ ಮೂಲವು ವರ್ಷವರ್ಷವೂ ನೆಲದ ಮೇಲೆ ಶೇಖರವಾಗುತ್ತ ಬರುವ ಇಂಧನದಲ್ಲಿದೆ. ಯಳಂದೂರಿನ ನೆತ್ತಿಯ ಮೇಲಿರುವ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಇದನ್ನು ತಲೆಮಾರುಗಳಿಂದ ಬಲ್ಲರು. ಚಳಿಗಾಲದ ಕೊನೆಯಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗಲೇ ಅವರು ಇಕ್ಕುತ್ತಿದ್ದ 'ತರಗು ಬೆಂಕಿ'ಯು ಮರಗಳನ್ನು ಸುಡದೆ, ಉದುರಿದ ಎಲೆಯನ್ನಷ್ಟೇ ಉರಿಸಿ ಆರುತ್ತಿದ್ದಿತು. ಹಿಮದ ನಾಡುಗಳಲ್ಲಿಯೂ ದಾರಿಗರು ಬರುವ ಮುನ್ನವೇ ಸಿಡಿಮದ್ದಿಟ್ಟು ಸಣ್ಣ ಹಿಮಕುಸಿತಗಳನ್ನು ಬೇಕೆಂದೇ ಬೀಳಿಸುತ್ತಾರೆ. ಎರಡರ ಹಿಂದೆಯೂ ಇರುವ ವಿವೇಕ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಸೋಲಿಗರ ಈ ತರಗು ಬೆಂಕಿಯ ಪದ್ಧತಿ ನಿಂತಿತು. ಲಂಟಾನದ ಪೊದೆಯು ಆಳೆತ್ತರಕ್ಕೆ ಬೆಳೆದು ಕಾಡನ್ನು ತುಂಬಿತು. ಹಿಂದೆ ಮೊಣಕಾಲೆತ್ತರಕ್ಕೆ ಆರುತ್ತಿದ್ದ ಉರಿಯು ಈಗ ಆ ಪೊದೆಯನ್ನೇ ಮೆಟ್ಟಿಲಾಗಿಸಿಕೊಂಡು ಮರದ ಕೊಂಬೆಯನ್ನು ಹತ್ತುತ್ತದೆ. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತೆಂಬುದು ಸೋಲಿಗರ ವಾದ. ನನಗೂ ಅದು ಬಹಳ ಮಟ್ಟಿಗೆ ಸರಿಯೆಂದೇ ತೋರುತ್ತದೆ.

2011ರಲ್ಲಿ ಈ ಜನರಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರಗಳು ದೊರೆತವು. ಹಕ್ಕನ್ನು ಮನ್ನಿಸಿದ ಸರ್ಕಾರವು, ಯಾವ ತಿಂಗಳಲ್ಲಿ ಯಾವ ಮಗ್ಗುಲಿಗೆ ಕಿಚ್ಚಿಡಬಹುದೆಂಬ ಅವರ ತಿಳಿವಳಿಕೆಯನ್ನೂ ಮನ್ನಿಸಿ, ಕೆಲವು ಗುಡ್ಡಗಳಲ್ಲಾದರೂ ಇಲಾಖೆಯ ಕಾವಲಿನಲ್ಲಿ ಅದನ್ನು ಪರೀಕ್ಷಿಸಿ ನೋಡಬೇಕು. ಅಲ್ಲಿಯವರೆಗೆ ಪಾದಯಾತ್ರಿಕರು ಕಾಡಿನಂಚಿನಲ್ಲಿ ಒಲೆ ಹೂಡದಿರಲಿ, ಬೀಡಿಯ ತುಂಡನ್ನು ಎಸೆಯದಿರಲಿ, ಉರಿಸಿದ ಕರ್ಪೂರಕ್ಕೆ ನೀರೆರೆದೇ ಮುಂದಕ್ಕೆ ಹೊರಡಲಿ.