ಮಕ್ಕಳ ಫುಟ್‌ಬಾಲ್ ಸಂಘವನ್ನು ಆರಿಸುವ ಮುನ್ನ

ಪಾಠದ ಜೊತೆಗೆ ಆಟವೂ ಇರಬೇಕೆಂಬ ಅರಿವು ನಮ್ಮ ಕುಟುಂಬಗಳಲ್ಲಿ ಮೂಡುತ್ತಿರುವುದು ಸಂತೋಷದ ಸಂಗತಿ. ಕ್ರಿಕೆಟ್ಟಿನಂತೆಯೇ ಫುಟ್‌ಬಾಲ್ ಕೂಡ ಮಕ್ಕಳನ್ನು ಸೆಳೆಯುತ್ತಿದೆ. ಈ ಆಟ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರದ ಜನ ಬ್ರೆಜಿಲ್ಲಿನ ಆಟಗಾರ ಪೆಲೆಯವರ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. 2023ರ ಮಾರ್ಚ್ ತಿಂಗಳಲ್ಲಿ ರಿಯಾದ್ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿದ ಕರ್ನಾಟಕ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ನಾಡಿಗೆ ತಂದಿತು.

ಹಾಗಾದರೆ ಮಗುವನ್ನು ಸೇರಿಸಲು ಯೋಗ್ಯವಾದ ಸಂಘ ಯಾವುದು? ಕಚೇರಿಯ ಕಪಾಟಿನಲ್ಲಿ ಸಾಲಾಗಿರುವ ಪಾರಿತೋಷಕಗಳನ್ನು ಕಂಡು ನಾವು ಮರುಳಾಗುವುದುಂಟು. ಆದರೆ ಸಂಘದ ನಿಜವಾದ ಬೆಲೆ ತಿಳಿಯುವುದು ಅಲ್ಲಿನ ಅತ್ಯಂತ ದುರ್ಬಲ ಆಟಗಾರನನ್ನು ನೋಡಿದಾಗ. ಆ ಮಗುವಿನ ಕಾಲಿಗೆ ಚೆಂಡು ದೊರೆಯುತ್ತದೆಯೇ ಎಂಬುದೇ ಮೊದಲ ಪ್ರಶ್ನೆ.

ಎಲ್ಲರಿಗೂ ಆಟ

ದಾಸೋಹದ ಪಂಕ್ತಿಯಲ್ಲಿ ಕೆಲವರಿಗೆ ಬಡಿಸಿ ಉಳಿದವರನ್ನು ಹಸಿದು ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ಮಕ್ಕಳ ಮೈದಾನದಲ್ಲಿಯೂ ಹಾಗೆಯೇ ಆಗಬೇಕು. ಗೆಲುವಿನ ಆಸೆಗಾಗಿ ನಾಲ್ಕಾರು ಚುರುಕಾದ ಹುಡುಗರನ್ನಷ್ಟೇ ಆಡಿಸಿದರೆ, ಅಂಚಿನಲ್ಲಿ ಕುಳಿತ ಮಗು ಕಲಿಯುವುದು ಆಟವನ್ನಲ್ಲ, ತಾನು ಅಯೋಗ್ಯನೆಂಬ ಭಾವನೆಯನ್ನು. ಆಟದ ನಿಯಮಗಳೇ ಇದಕ್ಕೆ ಪರಿಹಾರ ಒದಗಿಸಿವೆ. ದೊಡ್ಡವರ ಅಧಿಕೃತ ಪಂದ್ಯಗಳಲ್ಲಿ ಸಾಮಾನ್ಯವಾಗಿ ಹೊರಗೆ ಹೋದವನು ಮತ್ತೆ ಒಳಬರುವಂತಿಲ್ಲ. ಕಿರಿಯರ ಪಂದ್ಯಗಳಲ್ಲಾದರೋ, ಅವನನ್ನು ಮರಳಿ ಆಡಿಸಲು ರಾಷ್ಟ್ರೀಯ ಒಕ್ಕೂಟಗಳು ಅವಕಾಶ ಕೊಡಬಹುದಾಗಿದೆ. ಸರದಿಯಂತೆ ಎಲ್ಲರನ್ನೂ ಆಡಿಸುವುದು ಕಷ್ಟವೇನಲ್ಲ.

ವಯಸ್ಸಿಗೆ ತಕ್ಕ ಆಟ

ಎಂಟು ವರ್ಷದ ಮಗುವನ್ನು ಹನ್ನೊಂದು ಜನರ ತಂಡದಲ್ಲಿ ದೊಡ್ಡ ಮೈದಾನಕ್ಕೆ ಇಳಿಸಿದರೆ ಅದು ಓಡಿ ದಣಿಯುತ್ತದೆ. ಚೆಂಡು ಮಾತ್ರ ಕಾಲಿಗೆ ಸಿಗುವುದು ಅಪರೂಪ. ಐದೈದು ಮಂದಿಯ ತಂಡ ಮತ್ತು ಕಿರಿದಾದ ಅಂಗಳವಿದ್ದಲ್ಲಿ ಪ್ರತಿಯೊಬ್ಬರಿಗೂ ಚೆಂಡು ಪದೇ ಪದೇ ದೊರೆಯುತ್ತದೆ. ದೊಡ್ಡವರು ಆಡುವ 5ನೇ ಅಳತೆಯ ಚೆಂಡಿನ ತೂಕ 410ರಿಂದ 450 ಗ್ರಾಂ. ಚಿಕ್ಕ ಮಕ್ಕಳಿಗೆ ಹಗುರವಾದ 3ನೇ ಅಥವಾ 4ನೇ ಅಳತೆಯದೇ ತಕ್ಕದ್ದು. ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸವನ್ನು ಪ್ರಾಥಮಿಕ ಶಾಲೆಯ ವಯಸ್ಸಿನವರಿಗೆ ಮಾಡಿಸಬಾರದೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2020ರಲ್ಲಿ ಸೂಚಿಸಿತು. ಈ ಎಚ್ಚರಿಕೆ ನಮ್ಮಲ್ಲಿಯೂ ಪಾಲನೀಯ.

ತರಬೇತುದಾರ ಮತ್ತು ಸುರಕ್ಷತೆ

ತರಬೇತುದಾರರು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಪರವಾನಗಿ ಪಡೆದವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪ್ರಮಾಣಪತ್ರದಷ್ಟೇ ಮುಖ್ಯವಾದುದು ಅವರ ನಾಲಿಗೆ. ತಪ್ಪಿದ ಮಗುವನ್ನು ಎಲ್ಲರೆದುರು ಹಂಗಿಸುವವರು ಗುರುವೆನಿಸರು. ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಶೌಚಾಲಯ ಇವೆಯೇ, ಅಭ್ಯಾಸವನ್ನು ನಿಂತು ನೋಡಲು ಪಾಲಕರಿಗೆ ಅವಕಾಶವಿದೆಯೇ ಎಂಬುದನ್ನು ಗಮನಿಸಬೇಕು. ಪಾಲಕರನ್ನು ದೂರವಿಡುವ ಸಂಘದಿಂದ ನಾವೇ ದೂರವಿರುವುದು ಲೇಸು.

ಹೆಣ್ಣುಮಕ್ಕಳೂ ಆಡಲಿ

ಅನುಭವ ಮಂಟಪದಲ್ಲಿ ಶರಣೆಯರಿಗೂ ಸಮಾನ ಸ್ಥಾನವಿತ್ತೆಂದು ಹೆಮ್ಮೆಪಡುವ ನಾವು, ಮಗನನ್ನು ಮೈದಾನಕ್ಕೆ ಕಳುಹಿಸಿ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವುದು ತರವಲ್ಲ. ಬಾಲಕಿಯರಿಗೆ ಬಾಗಿಲು ತೆರೆದಿರುವುದೂ ಒಳ್ಳೆಯ ಸಂಘದ ಲಕ್ಷಣವೇ.

ಪಾಲಕರ ಕರ್ತವ್ಯ

ಸಂಘ ಎಷ್ಟೇ ಉತ್ತಮವಾಗಿದ್ದರೂ, ಗೆರೆಯ ಹೊರಗೆ ನಿಂತು ನಿರ್ಣಾಯಕರನ್ನು ನಿಂದಿಸುವ ತಂದೆ, ಸೋತ ಮಗನನ್ನು ಪಕ್ಕದ ಮನೆಯವನೊಡನೆ ಹೋಲಿಸುವ ತಾಯಿ ಅದರ ಶ್ರಮವನ್ನೆಲ್ಲ ವ್ಯರ್ಥಗೊಳಿಸಬಲ್ಲರು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದು ಶರಣರ ನಿಲುವು. ಗೋಲು ಹೊಡೆದವನಿಗೂ ಅವನ ಕಾಲಿಗೆ ಚೆಂಡು ಒದಗಿಸಿದವನಿಗೂ ಈ ಮಾತು ಸಲ್ಲುತ್ತದೆ. ಸಂಜೆ ಮಣ್ಣು ಮೆತ್ತಿದ ಕಾಲಿನಿಂದ ಮಗು ಮನೆಗೆ ಬಂದಾಗ, "ಗೆದ್ದೆಯಾ?" ಎಂದು ಕೇಳುವ ಬದಲು, "ಇಂದು ಯಾರಿಗೆ ಚೆಂಡು ಕೊಟ್ಟೆ?" ಎಂದು ಕೇಳೋಣ. ನಾಳೆಯೂ ಅದು ತಾನಾಗಿಯೇ ಮೈದಾನಕ್ಕೆ ಓಡುವಂತಿದ್ದರೆ ನಮ್ಮ ಆಯ್ಕೆ ಸರಿಯಾಗಿದೆಯೆಂದೇ ಅರ್ಥ.